ಲೋರಾ ಪವರ್ 20ಕ್ಕೆ ಇಟ್ಟರೂ ಪಂಪ್‌ಹೌಸಿನಿಂದ ಸಂದೇಶ ಬರುತ್ತಿಲ್ಲ. 1 ವ್ಯಾಟ್ ಮಾಡ್ಯೂಲ್ ತರಿಸಲಾ?

ಅಡಿಕೆತೋಟ_ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಕೆಳಗೆ ಕಣಿವೆಯಲ್ಲಿ, ಮನೆ ಮೇಲೆ ಗುಡ್ಡದ ಓರೆಯಲ್ಲಿ. ಹೊಳೆ ಪಕ್ಕದ ಪಂಪ್‌ಹೌಸಿನಿಂದ ಮನೆಗೆ ನೇರ ಗೆರೆ ಎಳೆದರೆ ಸುಮಾರು 1.2 ಕಿಲೋಮೀಟರ್. ನಡುವೆ ಅರ್ಧ ಅಡಿಕೆ, ಅರ್ಧ ಸೊಪ್ಪಿನ ಬೆಟ್ಟ. ಕೆಳಗೆ ಮೊಬೈಲ್ ಸಿಗ್ನಲ್ ಇಲ್ಲವೇ ಇಲ್ಲ. ಅದಕ್ಕೇ ಲೋರಾ (ಕಮ್ಮಿ ಕರೆಂಟಿನಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೊ) ಹಿಡಿದೆ.

ಪಂಪ್ ಓಡುತ್ತಿದೆಯಾ, ತೊಟ್ಟಿಯಲ್ಲಿ ನೀರೆಷ್ಟಿದೆ ಎನ್ನುವುದನ್ನು 10 ನಿಮಿಷಕ್ಕೊಮ್ಮೆ ಮನೆಗೆ ಕಳಿಸುವ ಪೆಟ್ಟಿಗೆ ಅದು. ಒಳಗೆ 3.3 ವೋಲ್ಟಿನ ಆರ್ಡುಯಿನೊ ಪ್ರೊ ಮಿನಿ ಬೋರ್ಡು, ಎಸ್‌ಎಕ್ಸ್1276 ಚಿಪ್ಪಿನ 865 ಮೆಗಾಹರ್ಟ್ಸ್ ಮಾಡ್ಯೂಲ್, ಒಂದು 18650 ಸೆಲ್. ಆರ್ಡುಯಿನೊದ ಮಾಮೂಲಿ ಲೋರಾ ಲೈಬ್ರರಿ. ಎಸ್‌ಎಫ್7 (ಸ್ಪ್ರೆಡಿಂಗ್ ಫ್ಯಾಕ್ಟರ್, ಅಂಕಿ ಏರಿದಷ್ಟೂ ಸಂದೇಶ ನಿಧಾನ, ಆದರೆ ಕ್ಷೀಣ ಸಿಗ್ನಲ್ಲೂ ಓದಲಾಗುತ್ತದೆ), 125 ಕಿಲೋಹರ್ಟ್ಸ್ ಅಗಲ, 20 ಬೈಟಿನ ಸಂದೇಶ. ಪವರ್ 20 ಡಿಬಿಎಂ (ಪವರಿನ ಅಳತೆ, 10 ಏರಿದರೆ ಪವರ್ ಹತ್ತು ಪಟ್ಟು), ಅಂದರೆ ಲೈಬ್ರರಿ ಬಿಡುವಷ್ಟೂ ಜಾಸ್ತಿ.

ಬಿಸಿಲಿದ್ದಾಗ ಹತ್ತರಲ್ಲಿ ಏಳೆಂಟು ಸಂದೇಶ ಬರುತ್ತವೆ. ಮಳೆ ಬಂದು ಹೋದ ಮೇಲೆ ಮೂರು ನಾಲ್ಕು ಬಂದರೆ ಪುಣ್ಯ. ಆರ್‌ಎಸ್‌ಎಸ್‌ಐ (ಬಂದ ಸಿಗ್ನಲ್ಲಿನ ಬಲ) ಯಾವಾಗ ನೋಡಿದರೂ -117, -118. ಎಸ್‌ಎನ್‌ಆರ್ (ನಾಯ್ಸಿಗಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ) -6ರಿಂದ -8. ಇನ್ನೊಂದು ತಲೆನೋವು ಅಂದರೆ ಸೆಲ್ ಮೂರು ವಾರಕ್ಕೆ ಖಾಲಿ. ಖಾಲಿಯಾಗುತ್ತ ಬಂದ ಹಾಗೆ ಬೋರ್ಡು ತಾನಾಗಿಯೇ ರೀಸೆಟ್ ಆಗುತ್ತದೆ.

30 ಡಿಬಿಎಂ, ಅಂದರೆ 1 ವ್ಯಾಟಿನ ಮಾಡ್ಯೂಲ್ ಸಿಗುತ್ತಂತಲ್ಲ, ಅದನ್ನೇ ತರಿಸಿ ಹಾಕಿದರೆ ಸರಿ ಹೋಗುತ್ತಾ?

ಗಿರೀಶ_ಹಾಸನ

ತರಿಸಿ ಹಾಕಿ ಗುರು. 20ರಿಂದ 30 ಅಂದರೆ ಹತ್ತು ಪಟ್ಟು ಪವರ್. ಸುಮ್ನೆ ಯೋಚನೆ ಮಾಡ್ತಾ ಕೂರಬೇಡಿ.

ಸುಮಾ_ಆರ್‌ಎಫ್

ಗಿರೀಶ್ ಅವರೇ, ಸ್ವಲ್ಪ ತಡೀರಿ. ಅವರು ಕೊಟ್ಟಿರುವ ಅಂಕಿಗಳಲ್ಲೇ ಉತ್ತರ ಅರ್ಧ ಇದೆ.

125 ಕಿಲೋಹರ್ಟ್ಸ್ ಅಗಲಕ್ಕೆ ನಾಯ್ಸ್ ನೆಲ, ಅಂದರೆ ರಿಸೀವರಿನಲ್ಲಿ ಸದಾ ಇರುವ ಗದ್ದಲದ ಮಟ್ಟ, ಹೆಚ್ಚುಕಮ್ಮಿ -117 ಡಿಬಿಎಂ. ಸಿಗ್ನಲ್ ಅದಕ್ಕಿಂತ ಕೆಳಗೆ ಇಳಿದರೆ ಈ ಚಿಪ್ಪಿನ ಆರ್‌ಎಸ್‌ಎಸ್‌ಐ ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಅದು ತೋರಿಸುತ್ತಿರುವುದು ನಾಯ್ಸನ್ನು. ನಿಮ್ಮ ಸಿಗ್ನಲ್ಲನ್ನಲ್ಲ. ಆಗ ನೋಡಬೇಕಾದ್ದು ಎಸ್‌ಎನ್‌ಆರ್. ನಿಮ್ಮದು -7 ಆಸುಪಾಸು. ಅಂದರೆ ನಿಜವಾಗಿ ಬರುತ್ತಿರುವ ಸಿಗ್ನಲ್ -124ರ ಹತ್ತಿರ.

ಎಸ್‌ಎಫ್7 ಓದಲು ಎಸ್‌ಎನ್‌ಆರ್ -7.5ಕ್ಕಿಂತ ಕೆಳಗೆ ಹೋಗಬಾರದು. ನೀವು ಸರಿಯಾಗಿ ಆ ಅಂಚಿನಲ್ಲೇ ನಿಂತಿದ್ದೀರಿ. ಅದಕ್ಕೇ ಬಿಸಿಲಲ್ಲಿ ಬರುತ್ತದೆ, ಎಲೆ ಒದ್ದೆಯಾದರೆ ಬರಲ್ಲ. ಈ ಫ್ರೀಕ್ವೆನ್ಸಿಯಲ್ಲಿ ಮಳೆ ಹನಿಯಿಂದ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ನೀರು ಹಿಡಿದ ಎಲೆ, ಕೊಂಬೆಗಳೇ ಸಿಗ್ನಲ್ ತಿನ್ನುವುದು.

ಈಗ ಇನ್ನೊಂದು ಲೆಕ್ಕ. 1.2 ಕಿಲೋಮೀಟರ್ ಬಯಲಾಗಿದ್ದರೆ 866 ಮೆಗಾಹರ್ಟ್ಸಿನಲ್ಲಿ ದಾರಿಯಲ್ಲಿ ಆಗುವ ನಷ್ಟ ಸುಮಾರು 93 ಡಿಬಿ. 20 ಡಿಬಿಎಂ ಕಳಿಸಿದರೆ -73 ಬರಬೇಕು. ನಿಮಗೆ ಬರುತ್ತಿರುವುದು -124. ಐವತ್ತು ಡಿಬಿ ಎಲ್ಲೋ ಸೋರಿ ಹೋಗಿದೆ! ಮರಗಿಡ ಒಂದಷ್ಟು ತಿನ್ನುತ್ತದೆ, ಒಪ್ಪೋಣ. ಆದರೆ ಐವತ್ತೂ ಅದರದ್ದೇ ಅಂತ ನನಗನ್ನಿಸುವುದಿಲ್ಲ. ಸೋರುವ ಜಾಗ ಹುಡುಕದೆ ಹತ್ತು ಡಿಬಿ ಹೊಸದಾಗಿ ಸುರಿಯುವುದು ಯಾಕೆ?

ಎರಡೂ ಕಡೆಯ ಅಂಟೆನಾ ಎಲ್ಲಿವೆ, ಕೇಬಲ್ ಯಾವುದು, ಎಷ್ಟುದ್ದ? ಸೆಲ್ಲಿಗೂ ಬೋರ್ಡಿಗೂ ನಡುವೆ ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ರೆಗ್ಯುಲೇಟರ್ ಯಾವುದು? ಇಷ್ಟು ಹೇಳಿ.

ಅಡಿಕೆತೋಟ_ಶಿರಸಿ

ಪಂಪ್‌ಹೌಸಿನಲ್ಲಿ ಪೆಟ್ಟಿಗೆ ಒಳಗಡೆ ಸ್ಟಾರ್ಟರ್ ಪಕ್ಕ ಗೋಡೆಗೆ ಹೊಡೆದಿದ್ದೇನೆ. ಅಂಟೆನಾ ಪೆಟ್ಟಿಗೆ ಮೇಲೆ ನಿಂತಿದೆ. ಮಾಡು ತಗಡಿನದು. ಮನೆ ಕಡೆ ಅಂಟೆನಾ ಹಂಚಿನ ಮೇಲೆ ಕಂಬಕ್ಕಿದೆ, ಅಲ್ಲಿಂದ ಕೆಳಗೆ ಟಿವಿ ಕೋಣೆಗೆ ಆರ್‌ಜಿ58 ಕೇಬಲ್, ಸುಮಾರು 10 ಮೀಟರ್. ರೆಗ್ಯುಲೇಟರ್ ಎಎಂಎಸ್1117, ರೆಡಿ ಬೋರ್ಡಿನಲ್ಲೇ ಬಂದದ್ದು.

ಹಳೇ_ಹ್ಯಾಮ್

ತಗಡಿನ ಮಾಡಿನ ಕೆಳಗೆ, ಸ್ಟಾರ್ಟರ್ ಪಕ್ಕ! ಬಾಗಿಲು ಹಾಕಿಕೊಂಡು ಒಳಗಿನಿಂದ ಕೂಗಿದ ಹಾಗಾಯಿತು ಇದು. ಗಂಟಲು ಎಷ್ಟು ದೊಡ್ಡದಿದ್ದರೇನು?

ತಮ್ಮಾ, ಮೊದಲು ಪೆಟ್ಟಿಗೆಯನ್ನು ಹೊರಗೆ ತಾ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮಾಡಿನ ಅಂಚಿಗಿಂತ ಮೇಲೆ ಬಿದಿರಿಗೋ ಪಿವಿಸಿ ಪೈಪಿಗೋ ಕಟ್ಟು. ಅಂಟೆನಾ ಸುತ್ತ ಕನಿಷ್ಠ ಅರ್ಧ ಮೀಟರ್ ಲೋಹ ಇರಬಾರದು. ನಿಮ್ಮ ಕಡೆ ಈಗ ಎಲ್ಲರ ಮನೆಯಲ್ಲೂ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಇರುತ್ತದೆ. ಉದ್ದ ಇದೆ, ಹಗುರ ಇದೆ ಅಂತ ಅದಕ್ಕೆ ಅಂಟೆನಾ ಕಟ್ಟಬೇಡ. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ. ಅದರ ಮೈಗೆ ಒರಗಿಸಿ ಕಟ್ಟಿದ ಅಂಟೆನಾದ ಟ್ಯೂನ್ ಕೆಟ್ಟು ಹೋಗುತ್ತದೆ. ವಿದ್ಯುತ್ ತಂತಿ ಹತ್ತಿರವಂತೂ ಅದನ್ನು ಎತ್ತಲೇಬಾರದು, ಜೀವಕ್ಕೇ ಅಪಾಯ.

ಎರಡನೆಯದು ಆ ಕೇಬಲ್. ಈ ಫ್ರೀಕ್ವೆನ್ಸಿಯಲ್ಲಿ ಆರ್‌ಜಿ58 ಮೀಟರಿಗೆ ಸುಮಾರು ಅರ್ಧ ಡಿಬಿ ತಿನ್ನುತ್ತದೆ. ಹತ್ತು ಮೀಟರಿಗೆ 5 ಡಿಬಿ. ಮೂರು ಪಟ್ಟು ಪವರ್ ಅದರಲ್ಲೇ ಹೋಯಿತು ಅಂತ ಲೆಕ್ಕ. ಮನೆ ಕಡೆ ರಿಸೀವರನ್ನೇ ಡಬ್ಬಿಯಲ್ಲಿ ಹಾಕಿ ಕಂಬದ ಮೇಲೆ ಕೂರಿಸು. ಕೆಳಗಿನಿಂದ ಕರೆಂಟಿನ ವೈರು ಮಾತ್ರ ಎಳೆ. 5 ವೋಲ್ಟಿನ ವೈರು ಹತ್ತು ಮೀಟರ್ ಓಡಿದರೆ ಸ್ವಲ್ಪ ವೋಲ್ಟೇಜ್ ಬೀಳುತ್ತದೆ. 12 ವೋಲ್ಟ್ ಕಳಿಸಿ ಮೇಲೆ ಇಳಿಸಿಕೊಂಡರೆ ಕಿರಿಕಿರಿ ಇಲ್ಲ. ಸಿಡಿಲಿನ ಕಾಲದಲ್ಲಿ ಪ್ಲಗ್ ಕೀಳುವ ಅಭ್ಯಾಸ ಇರಲಿ.

ಸುಮಾ_ಆರ್‌ಎಫ್

ಹ್ಯಾಮ್ ಸರ್ ಹೇಳಿದ್ದಕ್ಕೆ ನನ್ನದೂ ಒಂದು. ಅಂಟೆನಾ ಉದ್ದ ಅಳೆದು ನೋಡಿ. 866ಕ್ಕೆ ಕಾಲು ಅಲೆ ಅಂದರೆ ಸುಮಾರು 8.6 ಸೆಂಟಿಮೀಟರ್. 433ಕ್ಕೆ ಅದರ ಎರಡರಷ್ಟು, 17 ಚಿಲ್ಲರೆ. ರಬ್ಬರ್ ಕೋಟಿನ ಅಂಟೆನಾ ಆದರೆ ಒಳಗೆ ಏನಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ನನಗೆ ಒಬ್ಬ ಮಾರಾಟಗಾರ 868 ಅಂತ ಚೀಟಿ ಅಂಟಿಸಿ 433ರದ್ದು ಕಳಿಸಿದ್ದ. ಅನುಮಾನ ಇದ್ದರೆ ಒಂದೇ ಎಳೆಯ ತಾಮ್ರದ ತಂತಿಯನ್ನು 8.6 ಸೆಂಟಿಮೀಟರಿಗೆ ಕತ್ತರಿಸಿ ಬೆಸುಗೆ ಹಾಕಿ ಹೋಲಿಸಿ. ದುಡ್ಡಿಲ್ಲದ ಪರೀಕ್ಷೆ.

ಬ್ಯಾಟರಿ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎಲ್ಲರೂ ಪವರ್ ಸೆಟ್ಟಿಂಗನ್ನೇ ಬೈಯುತ್ತಾರೆ. ಲೆಕ್ಕ ಹಾಕಿ ನೋಡೋಣ. 20 ಬೈಟಿನ ಸಂದೇಶ ಎಸ್‌ಎಫ್7ರಲ್ಲಿ ಗಾಳಿಯಲ್ಲಿರುವುದು 57 ಮಿಲಿಸೆಕೆಂಡ್. 20 ಡಿಬಿಎಂನಲ್ಲಿ ಈ ಚಿಪ್ 120 ಮಿಲಿಆಂಪ್ ಎಳೆಯುತ್ತದೆ. 10 ನಿಮಿಷಕ್ಕೊಂದು ಅಂದರೆ ದಿನಕ್ಕೆ 144 ಸಂದೇಶ. ಒಟ್ಟು ದಿನಕ್ಕೆ 0.27 ಮಿಲಿಆಂಪ್ ಅವರ್. ಅಷ್ಟೇ. ಅದನ್ನು ಪೂರ್ತಿ ಸೊನ್ನೆ ಮಾಡಿದರೂ ನಿಮ್ಮ ಸೆಲ್ ಹೆಚ್ಚು ದಿನ ಬರುವುದಿಲ್ಲ.

ಎಎಂಎಸ್1117 ಇದೆಯಲ್ಲ, ಅದು ಏನೂ ಕೆಲಸ ಮಾಡದೆ ಸುಮ್ಮನೆ ಕೂತಿದ್ದರೂ 5 ಮಿಲಿಆಂಪ್ ಕುಡಿಯುತ್ತದೆ. ದಿನಕ್ಕೆ 120 ಮಿಲಿಆಂಪ್ ಅವರ್. 2500ರ ಸೆಲ್ ಅಂದರೆ ಸರಿಯಾಗಿ ಮೂರು ವಾರ! ರೀಸೆಟ್ಟಿಗೂ ಅದೇ ಕಾರಣ. ಹೊರಗೆ 3.3 ಕೊಡಲು ಒಳಗೆ ಒಂದು ವೋಲ್ಟಿನಷ್ಟು ಜಾಸ್ತಿ ಬೇಕು ಅದಕ್ಕೆ. ಸೆಲ್ 3.7ಕ್ಕೆ ಇಳಿದಾಗ ಹೊರಗೆ ಬರುವುದು 2.7 ಅಷ್ಟೇ. ಅದೇ ಹೊತ್ತಿಗೆ ರೇಡಿಯೊ 120 ಮಿಲಿಆಂಪ್ ಕೇಳಿದರೆ ಬೋರ್ಡು ಕುಸಿಯದೆ ಇನ್ನೇನು ಮಾಡುತ್ತದೆ?

ಅದನ್ನು ಕಿತ್ತು ಎಂಸಿಪಿ1700 ಅಥವಾ ಎಚ್‌ಟಿ7333 ಹಾಕಿ. ಸುಮ್ಮನಿದ್ದಾಗ ಕೆಲವೇ ಮೈಕ್ರೊಆಂಪ್. ಎರಡೂ 250 ಮಿಲಿಆಂಪ್ ತನಕ ಕೊಡುತ್ತವೆ. ರೇಡಿಯೊ ಮಾಡ್ಯೂಲಿನ ಕಾಲಿಗೆ ಅಂಟಿಕೊಂಡಂತೆ 220 ಅಥವಾ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲಿ. ಕಳಿಸಿ ಆದ ಮೇಲೆ ಲೋರಾ.ಸ್ಲೀಪ್ ಕರೆಯುತ್ತಿದ್ದೀರಾ? ಇಲ್ಲದಿದ್ದರೆ ಚಿಪ್ ಸ್ಟ್ಯಾಂಡ್‌ಬೈನಲ್ಲೇ ಇದ್ದು 1.6 ಮಿಲಿಆಂಪ್ ಎಳೆಯುತ್ತಿರುತ್ತದೆ. ಸ್ಲೀಪಿಗೆ ಹೋದರೆ 0.2 ಮೈಕ್ರೊಆಂಪ್.

ಗಿರೀಶ_ಹಾಸನ

ಸರಿ ಮೇಡಂ, ರೆಗ್ಯುಲೇಟರ್ ಮಾತು ಒಪ್ಪಿದೆ. ಆದರೂ ಪವರ್ ಜಾಸ್ತಿ ಇಟ್ಟರೆ ಕಳಕೊಳ್ಳುವುದೇನು? ನೀವೇ ಹೇಳಿದಿರಿ, ದಿನಕ್ಕೆ ಕಾಲು ಮಿಲಿಆಂಪ್ ಅವರ್ ಅಂತ. ನಮ್ಮ ಕಾಫಿ ತೋಟದಲ್ಲಿ ಎಲ್ಲ ಪೆಟ್ಟಿಗೆಯೂ ಫುಲ್ಲಿಗೇ ಇವೆ. ಸಿಲ್ವರ್ ಓಕ್ ಕಾಡಿನಂಗೆ ಇದೆ, ಕಮ್ಮಿ ಇಟ್ಟರೆ ನಡೆಯಲ್ಲ.

ಸುಮಾ_ಆರ್‌ಎಫ್

ಎಸ್‌ಎಫ್7 ಇದ್ದು ಸಂದೇಶ ಅಪರೂಪಕ್ಕೊಂದು ಅಂದರೆ ಬ್ಯಾಟರಿಗೆ ಏನೂ ಆಗಲ್ಲ, ನಿಜ. ಎಸ್‌ಎಫ್12ಕ್ಕೆ ಹೋಗಿ ನೋಡಿ. ಅದೇ 20 ಬೈಟು 1.32 ಸೆಕೆಂಡ್ ಗಾಳಿಯಲ್ಲಿರುತ್ತದೆ. 57 ಮಿಲಿಸೆಕೆಂಡಿನ 23 ಪಟ್ಟು. ಅಲ್ಲಿ 20 ಡಿಬಿಎಂ ಇಟ್ಟರೆ ಇದೇ 144 ಸಂದೇಶಕ್ಕೆ ದಿನಕ್ಕೆ 6.3 ಮಿಲಿಆಂಪ್ ಅವರ್.

ಇನ್ನೊಂದು ವಿಷಯ ಡೇಟಾಶೀಟಿನಲ್ಲೇ ಇದೆ. ಎಸ್‌ಎಕ್ಸ್1276ರಲ್ಲಿ 17 ಡಿಬಿಎಂ ತನಕ ಮಾಮೂಲಿ ಓಟ. 20 ಅನ್ನುವುದು ಬೇರೆಯೇ ಮೋಡು. ಅದಕ್ಕೆ ಪಿಎ ಡ್ಯಾಕ್ ಎನ್ನುವ ರಿಜಿಸ್ಟರಿಗೆ (ಚಿಪ್ಪಿನೊಳಗೆ ಸೆಟ್ಟಿಂಗ್ ಬರೆಯುವ ಜಾಗ) ಹೆಕ್ಸ್ 84ರ ಬದಲು 87 ಬರೆಯಬೇಕು. ಕರೆಂಟ್ ಮಿತಿಯನ್ನೂ 100 ಮಿಲಿಆಂಪಿನಿಂದ ಮೇಲೆ ಏರಿಸಬೇಕು. ನೀವು 17ಕ್ಕಿಂತ ಜಾಸ್ತಿ ಕೇಳಿದರೆ ಆರ್ಡುಯಿನೊ ಲೈಬ್ರರಿ ಇವೆರಡನ್ನೂ ತಾನೇ ಮಾಡಿಕೊಳ್ಳುತ್ತದೆ. ಕೈಯಾರೆ ರಿಜಿಸ್ಟರ್ ಬರೆಯುವವರು ಎರಡನೆಯದನ್ನು ಮರೆಯುತ್ತಾರೆ. ಆಗ 20 ಅಂತ ಬರೆದಿದ್ದರೂ ಚಿಪ್ ಮಧ್ಯದಲ್ಲೇ ಕೈ ಹಿಡಿಯುತ್ತದೆ.

ಈ ಮೋಡಿಗೆ ಷರತ್ತುಗಳಿವೆ. ಕಳಿಸುವ ಹೊತ್ತು ಒಟ್ಟು ಹೊತ್ತಿನ ಶೇಕಡ 1 ಮೀರಬಾರದು. ವೋಲ್ಟೇಜ್ 2.4ಕ್ಕಿಂತ ಕೆಳಗೆ ಹೋಗಬಾರದು. ಅಂಟೆನಾ ಹೊಂದಾಣಿಕೆ 3:1ಕ್ಕಿಂತ ಕೆಟ್ಟಿರಬಾರದು. ಎಸ್‌ಎಫ್12ರಲ್ಲಿ ನಿಮಿಷಕ್ಕೊಂದು ಸಂದೇಶ ಕಳಿಸಿದರೆ ಶೇಕಡ 2 ದಾಟುತ್ತದೆ. ಅಂಟೆನಾ ಇಲ್ಲದೆ 20ರಲ್ಲಿ ಪರೀಕ್ಷೆ ಮಾಡುವವರಿಗೆ ಬೇರೆ ಹೇಳಬೇಕಾ? 17ರಿಂದ 20ಕ್ಕೆ ಸಿಗುವುದು 3 ಡಿಬಿ. ಅದಕ್ಕೆ ಕೊಡುವುದು 87 ಮಿಲಿಆಂಪಿನ ಬದಲು 120.

ನನ್ನ ಅಭಿಪ್ರಾಯ ಇಷ್ಟೇ. ಆ ಕೊನೆಯ 3 ಡಿಬಿ ಆಪತ್ಕಾಲಕ್ಕೆ ಇರಲಿ. ಮೊದಲ ದಿನವೇ ಖರ್ಚು ಮಾಡಿದರೆ ಮಳೆಗಾಲಕ್ಕೆ ಕೈಯಲ್ಲಿ ಏನೂ ಉಳಿಯಲ್ಲ.

ಮೈಸೂರು_ಮಂಜು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಇದಕ್ಕಿಂತ ವಿಚಿತ್ರ. ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್, ಒಳಗೆ ಇದೇ ಬಗೆಯ ಚಿಪ್, ಹೊಸದು. ಮೇಜಿನ ಮೇಲೆ ಚೆನ್ನಾಗಿ ಓಡುತ್ತದೆ. ಗೇಟಿನ ತನಕ ಹೋದರೆ ಸತ್ತು ಹೋಗುತ್ತದೆ. ಅಂಟೆನಾ ಸರಿ ಇದೆ, ಅಳೆದಿದ್ದೇನೆ. ಪವರ್ 14.

ಸುಮಾ_ಆರ್‌ಎಫ್

ಮಂಜು, ಪವರ್ ಹಾಕುವ ಸಾಲನ್ನು ಪೂರ್ತಿ ಬರೆಯಿರಿ. ಆವರಣದ ಒಳಗೆ ಎರಡನೇ ಪದ ಏನಿದೆ?

ಮೈಸೂರು_ಮಂಜು

ಲೋರಾ.ಸೆಟ್‌ಟಿಎಕ್ಸ್‌ಪವರ್, ಆವರಣದಲ್ಲಿ 14, ಆಮೇಲೆ ಪಿಎ ಔಟ್‌ಪುಟ್ ಆರ್‌ಎಫ್‌ಒ ಪಿನ್. ಎಲ್ಲೋ ಸಿಕ್ಕ ಉದಾಹರಣೆ ಕೋಡಿನಿಂದ ತಂದದ್ದು.

ಸುಮಾ_ಆರ್‌ಎಫ್

ಸಿಕ್ಕಿತು. ಈ ಚಿಪ್ಪಿಗೆ ಹೊರಹೋಗುವ ದಾರಿ ಎರಡು ರೀತಿಯವು. ಆರ್‌ಎಫ್‌ಒ ಕಾಲಿನಿಂದ 14 ಡಿಬಿಎಂ ತನಕ, ಪಿಎ ಬೂಸ್ಟ್ ಕಾಲಿನಿಂದ 2ರಿಂದ 20 ತನಕ. ಚಿಪ್ಪಿನಲ್ಲಿ ಎರಡೂ ಇವೆ. ಆದರೆ ಆರ್‌ಎಫ್‌ಎಂ95ರಲ್ಲಿ ಅಂಟೆನಾಕ್ಕೆ ಜೋಡಿಸಿರುವುದು ಪಿಎ ಬೂಸ್ಟ್ ಮಾತ್ರ. ನೀವು ಆರ್‌ಎಫ್‌ಒ ಅಂದರೆ ಪವರೆಲ್ಲ ಎಲ್ಲಿಗೂ ಸೇರದ ಕಾಲಿಗೆ ಹೋಗುತ್ತದೆ. ಸೋರಿಕೆಯಿಂದ ಮೇಜಿನ ಮೇಲೆ ಓಡುತ್ತದೆ, ಅಷ್ಟೇ. ಎರಡನೇ ಪದ ಅಳಿಸಿಬಿಡಿ. ಏನೂ ಹೇಳದಿದ್ದರೆ ಲೈಬ್ರರಿ ಪಿಎ ಬೂಸ್ಟನ್ನೇ ಹಿಡಿಯುತ್ತದೆ.

ಹಾಗೇ ಇನ್ನೊಂದು. ಇನ್ನು ಮೇಲೆ ಎರಡನ್ನೂ ಒಂದೇ ಮೇಜಿನ ಮೇಲೆ 17, 20ರಲ್ಲಿ ಇಟ್ಟು ಪರೀಕ್ಷೆ ಮಾಡಬೇಡಿ. ಅಷ್ಟು ಹತ್ತಿರದಿಂದ ಬಂದರೆ ರಿಸೀವರ್ ಕಿವುಡಾಗುತ್ತದೆ. ಮೇಜಿನ ಮೇಲೆ 2 ಇಡಿ, ಅಥವಾ ಒಂದನ್ನು ಪಕ್ಕದ ಕೋಣೆಗೆ ಒಯ್ಯಿರಿ.

ಸಂಜು_ಪೀಣ್ಯ

ಇದುವರೆಗೆ ಎಲ್ಲ ನೇರ ಲೋರಾ ಮಾತು. ನಮ್ಮದು ಲೋರಾವ್ಯಾನ್, ಅಂದರೆ ಸಾಧನಗಳು ಗೇಟ್‌ವೇ ಮೂಲಕ ಒಂದು ಸರ್ವರಿನ ಜೊತೆ ಮಾತಾಡುವ ಲೋರಾ ಜಾಲ, ಕಾರ್ಖಾನೆಗಳ ಮೀಟರ್ ಓದುವ ಕೆಲಸ. ಸರ್ವರಿನಲ್ಲಿ ಓಡುವುದು ಚಿರ್ಪ್‌ಸ್ಟ್ಯಾಕ್ ಎನ್ನುವ ಸಾಫ್ಟ್‌ವೇರ್. ಅಲ್ಲಿ ಪವರನ್ನು ನಾವು ಮುಟ್ಟುವುದೇ ಇಲ್ಲ, ಎಡಿಆರ್ (ಎಸ್‌ಎಫ್, ಪವರ್ ಎರಡನ್ನೂ ತಾನಾಗಿ ಹೊಂದಿಸುವ ವ್ಯವಸ್ಥೆ) ನೋಡಿಕೊಳ್ಳುತ್ತದೆ.

ಅದು ಕೆಲಸ ಮಾಡುವ ಕ್ರಮ ಇಲ್ಲಿನ ಚರ್ಚೆಗೆ ಹೊಂದುತ್ತದೆ. ಸಾಧನದಿಂದ ಬಂದ ಕೊನೆಯ 20 ಸಂದೇಶಗಳಲ್ಲಿ ಅತಿ ಒಳ್ಳೆಯ ಎಸ್‌ಎನ್‌ಆರ್ ತೆಗೆದುಕೊಳ್ಳುತ್ತದೆ. ಆ ಎಸ್‌ಎಫ್‌ಗೆ ಬೇಕಾದಷ್ಟನ್ನು ಕಳೆಯುತ್ತದೆ. ಮೇಲೆ ಇನ್ನೊಂದು 10 ಡಿಬಿ ಭದ್ರತೆಗೆ ಅಂತ ಕಳೆಯುತ್ತದೆ. ಉಳಿದದ್ದನ್ನು 3ರಿಂದ ಭಾಗಿಸಿ ಅಷ್ಟು ಮೆಟ್ಟಿಲು ಇಳಿಯುತ್ತದೆ. ಮೊದಲು ಎಸ್‌ಎಫ್ ಇಳಿಸುತ್ತದೆ. ಎಸ್‌ಎಫ್7 ಮುಟ್ಟಿದ ಮೇಲೆ ಮಾತ್ರ ಪವರಿಗೆ ಕೈ ಹಾಕುತ್ತದೆ. ತಿರುಗಿ ಹತ್ತುವಾಗ ಉಲ್ಟಾ. ಸರ್ವರಿನಿಂದ ಉತ್ತರ ಬರದೇ ಇದ್ದರೆ ಸಾಧನ ಮೊದಲು ಪವರ್ ಪೂರ್ತಿ ಏರಿಸುತ್ತದೆ, ಆಮೇಲೆ ಎಸ್‌ಎಫ್.

ಒಂದು ಕಡೆ ಎಡವುತ್ತಾರೆ. ಲೋರಾವ್ಯಾನ್‌ನಲ್ಲಿ ಭಾರತಕ್ಕಿರುವ ಐಎನ್865 ಫ್ರೀಕ್ವೆನ್ಸಿ ಯೋಜನೆಯಲ್ಲಿ ಪವರ್ ಸೂಚಿ 0 ಅಂದರೆ ಅಂಟೆನಾ ಸೇರಿ 30 ಡಿಬಿಎಂ. ಪ್ರತಿ ಮೆಟ್ಟಿಲಿಗೆ 2 ಡಿಬಿ ಕಮ್ಮಿ, 10 ಡಿಬಿಎಂ ತನಕ. ನಮ್ಮ ಸಾಧನದ ಚಿಪ್ ಎಸ್‌ಎಕ್ಸ್1262, ಅದರ ತಾಕತ್ತು 22. ಹಾಗಾಗಿ ಮೊದಲ ಮೂರು ನಾಲ್ಕು ಮೆಟ್ಟಿಲಿಗೆ ಸಾಧನ ಅಲ್ಲಾಡುವುದೇ ಇಲ್ಲ. ಸರ್ವರಿನ ಪರದೆಯಲ್ಲಿ ಮಾತ್ರ ಪವರ್ ಇಳಿದಂತೆ ಕಾಣುತ್ತದೆ. ಎಸ್‌ಎನ್‌ಆರ್ ಬದಲಾಗಲಿಲ್ಲವಲ್ಲ ಅಂತ ತಲೆ ಕೆರೆದುಕೊಳ್ಳುವವರಿಗೆ ಇದೇ ಉತ್ತರ.

ಟ್ರ್ಯಾಕ್ಟರ್, ದನದ ಕೊರಳಪಟ್ಟಿ ಇಂಥ ಓಡಾಡುವ ವಸ್ತುಗಳಿಗೆ ಎಡಿಆರ್ ಬೇಡ. ನಿಂತಲ್ಲೇ ನಿಂತಿರುವ ಪೆಟ್ಟಿಗೆಗೆ ಮಾತ್ರ.

ಗಿರೀಶ_ಹಾಸನ

ಸಂಜು ಅಣ್ಣ, ನಮ್ಮ ಹೊಸ ಬೋರ್ಡುಗಳಲ್ಲೂ 1262 ಇದೆ. 22ರಿಂದ 14ಕ್ಕೆ ಇಳಿಸಿದರೆ ಬ್ಯಾಟರಿ ಎಷ್ಟು ಉಳಿಯುತ್ತೆ? 8 ಡಿಬಿ ಅಂದ್ರೆ ಆರು ಪಟ್ಟು ಕಮ್ಮಿ ಪವರ್ ಅಲ್ವಾ?

ಸಂಜು_ಪೀಣ್ಯ

ಗಾಳಿಗೆ ಹೋಗುವುದು ಆರು ಪಟ್ಟು ಕಮ್ಮಿ. ಸೆಲ್ಲಿನಿಂದ ಎಳೆಯುವುದು ಹಾಗಲ್ಲ. ಡೇಟಾಶೀಟಿನ ಪ್ರಕಾರ 868 ಮೆಗಾಹರ್ಟ್ಸಿನಲ್ಲಿ 22 ಡಿಬಿಎಂಗೆ 118 ಮಿಲಿಆಂಪ್, 14ಕ್ಕೆ 90. ಕಾಲು ಭಾಗವೂ ಉಳಿಯಲ್ಲ. ಅದರ ಆಂಪ್ಲಿಫೈಯರನ್ನು 22ಕ್ಕೆ ಅಂತಲೇ ಹೊಂದಿಸಿರುತ್ತಾರೆ. ಬರೀ ಪವರ್ ಅಂಕಿ ಇಳಿಸಿದರೆ ಅದು ಸುಮ್ನೆ ಬಿಸಿಯಾಗುತ್ತಾ ಕೂರುತ್ತದೆ.

ನಿಜವಾಗಿ ಉಳಿಸಬೇಕು ಅಂದರೆ ಸೆಟ್ ಪಿಎ ಕಾನ್ಫಿಗ್ ಆಜ್ಞೆಯಲ್ಲಿ ಡ್ಯೂಟಿ ಸೈಕಲ್, ಎಚ್‌ಪಿ ಮ್ಯಾಕ್ಸ್ ಎರಡನ್ನೂ ಬದಲಿಸಬೇಕು. 22ಕ್ಕೆ 4 ಮತ್ತು 7. 20ಕ್ಕೆ 3 ಮತ್ತು 5. 17ಕ್ಕೆ 2 ಮತ್ತು 3. 14ಕ್ಕೆ 2 ಮತ್ತು 2. ಇವುಗಳ ಜೊತೆ ಪವರ್ ಅಂಕಿಯನ್ನು 22 ಅಂತಲೇ ಬಿಡಬೇಕು, ಅದು ವಿಚಿತ್ರವಾಗಿ ಕಂಡರೂ. ನಿಮ್ಮ ಲೈಬ್ರರಿ ಇದನ್ನು ಮಾಡುತ್ತದಾ ಅಂತ ಒಳಗೆ ತೆರೆದು ನೋಡಿ. ಯಾವತ್ತೂ 14 ದಾಟಲ್ಲ ಅನ್ನುವ ಸಾಧನಕ್ಕೆ ಎಸ್‌ಎಕ್ಸ್1261 ಒಳ್ಳೆಯದು. 14ರಲ್ಲಿ 25.5 ಮಿಲಿಆಂಪಿನಲ್ಲಿ ಮುಗಿಸುತ್ತದೆ.

ತುಮಕೂರು_ಬೋರ್‌ವೆಲ್

ನನ್ನ ಹತ್ತಿರ ಎಬೈಟ್ ಕಂಪನಿಯ ಇ32 ಲೋರಾ ಮಾಡ್ಯೂಲ್ ಇದೆ, 433ರ 1 ವ್ಯಾಟಿನದು. ಬಯಲು ಸೀಮೆ, ಮೂರು ಕಿಲೋಮೀಟರ್ ಆರಾಮಾಗಿ ಹೋಗುತ್ತದೆ. ಶಿರಸಿಯವರು ಇದನ್ನೇ ತಗೊಳ್ಳಬಹುದಲ್ಲ? ಇದರಲ್ಲಿ ಪವರ್ ಇಳಿಸೋದು ಹೆಂಗೆ ಅಂತಲೂ ಯಾರಾದರೂ ಹೇಳಿ. ಇಳಿಸಿದರೂ ಕರೆಂಟ್ ಹೋಗಿ ಬಂದರೆ ಮತ್ತೆ ಫುಲ್ಲಿಗೇ ಹೋಗುತ್ತದೆ.

ಸುಮಾ_ಆರ್‌ಎಫ್

ಇಳಿಸುವುದು ಸುಲಭ. ಎಂ0, ಎಂ1 ಎರಡೂ ಕಾಲು ಹೈ ಮಾಡಿ. ಆರು ಬೈಟ್ ಕಳಿಸುತ್ತೀರಲ್ಲ, ಅದರಲ್ಲಿ ಕೊನೆಯದು ಆಪ್ಷನ್ ಬೈಟ್, ಮಾಮೂಲಿಗೆ ಹೆಕ್ಸ್ 44. ಕೊನೆಯ ಎರಡು ಬಿಟ್ ಪವರಿನವು. 44 ಅಂದರೆ 30 ಡಿಬಿಎಂ, 45 ಅಂದರೆ 27, 46ಕ್ಕೆ 24, 47ಕ್ಕೆ 21. ಮೊದಲ ಬೈಟ್ ಸಿ2 ಇದ್ದರೆ ತಾತ್ಕಾಲಿಕ, ಕರೆಂಟ್ ಹೋದರೆ ಮರೆತುಹೋಗುತ್ತದೆ. ಸಿ0 ಇದ್ದರೆ ಉಳಿಯುತ್ತದೆ. ನೀವು ಸಿ2 ಕಳಿಸುತ್ತಿರಬೇಕು.

ಆದರೆ ದೊಡ್ಡ ತಕರಾರು ಬೇರೆ ಇದೆ. ನಮ್ಮ ದೇಶದಲ್ಲಿ 433ರಿಂದ 434 ಮೆಗಾಹರ್ಟ್ಸಿಗೆ ಲೈಸೆನ್ಸ್ ಇಲ್ಲದೆ ಬಿಟ್ಟಿರುವುದು 10 ಮಿಲಿವ್ಯಾಟ್, ಅದೂ ಕಟ್ಟಡದ ಒಳಗಿನ ಬಳಕೆಗೆ, ಅದೂ 10 ಕಿಲೋಹರ್ಟ್ಸ್ ಅಗಲಕ್ಕೆ. ಹೊಲದಲ್ಲಿ 1 ವ್ಯಾಟ್ ಅಂದರೆ ಮಿತಿಯ ನೂರು ಪಟ್ಟು. ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತವೆ ಅಂದ ಮಾತ್ರಕ್ಕೆ ಹೊಲದಲ್ಲಿ ಹಚ್ಚಬಹುದು ಅಂತಲ್ಲ.

ನಮಗೆ ಸರಿಯಾದ ಜಾಗ 865ರಿಂದ 867 ಮೆಗಾಹರ್ಟ್ಸ್. 2005ರ ನಿಯಮದಲ್ಲೇ ಇದನ್ನು ಲೈಸೆನ್ಸಿನಿಂದ ಬಿಟ್ಟಿದ್ದಾರೆ. ಟ್ರಾನ್ಸ್‌ಮಿಟರ್ 1 ವ್ಯಾಟ್, ಅಂಟೆನಾ ಗೇನ್ ಸೇರಿ 4 ವ್ಯಾಟ್ ಇಆರ್‌ಪಿ, 200 ಕಿಲೋಹರ್ಟ್ಸ್ ಅಗಲ. 2021ರಲ್ಲಿ ಮೇಲಿನ ಅಂಚನ್ನು 868ಕ್ಕೆ ಏರಿಸಿದರು. ಇ32ರಲ್ಲಿ 868ರ ಮಾದರಿ ತಗೊಂಡರೆ ಅದು ಬರುವಾಗ ಚಾನೆಲ್ 6, ಅಂದರೆ ಸರಿಯಾಗಿ 868ರ ಗಡಿ ಮೇಲೆ ಕೂತಿರುತ್ತದೆ. ಚಾನೆಲ್ 4ಕ್ಕೆ ತನ್ನಿ, 866 ಆಗುತ್ತದೆ.

ಈ ಬ್ಯಾಂಡು ನಮ್ಮೊಬ್ಬರದ್ದಲ್ಲ ಅನ್ನುವುದೂ ನೆನಪಿರಲಿ. ಟೋಲ್‌ಗೇಟಿನ ಫಾಸ್ಟ್ಯಾಗ್ ಓದುವುದೂ 865ರಿಂದ 867ರಲ್ಲೇ. ಹೆದ್ದಾರಿ ಟೋಲ್ ಪಕ್ಕದ ಹೊಲದವರಿಗೆ ನಾಯ್ಸ್ ಜಾಸ್ತಿ ಕಂಡರೆ ಆಶ್ಚರ್ಯವಿಲ್ಲ.

ಹಳೇ_ಹ್ಯಾಮ್

ಶಿರಸಿಯ ತಮ್ಮ ಎಲ್ಲಿ ಹೋದ? ಕಂಬ ಹತ್ತಿದವನು ಇಳಿಯಲೇ ಇಲ್ಲವಾ?

ಅಡಿಕೆತೋಟ_ಶಿರಸಿ

ಇಳಿದೆ ಸರ್. ಮಳೆ ಹೊಳವಾಗಲಿ ಅಂತ ಕಾಯುತ್ತಿದ್ದೆ.

ಪಂಪ್‌ಹೌಸಿನ ಪೆಟ್ಟಿಗೆ ಈಗ ಹೊರಗೆ, ಮಾಡಿಗಿಂತ ಎರಡು ಮೀಟರ್ ಮೇಲೆ ಬಿದಿರಿಗಿದೆ. ಮನೆ ಕಡೆ ರಿಸೀವರ್ ಕಂಬದ ಮೇಲೇ ಹೋಯಿತು, ಆರ್‌ಜಿ58 ಸುತ್ತಿ ಅಟ್ಟಕ್ಕೆ ಹಾಕಿದೆ. ಎಎಂಎಸ್1117 ತೆಗೆದು ಎಂಸಿಪಿ1700 ಹಾಕಿದೆ. ಕೋಡಿನಲ್ಲಿ ಸ್ಲೀಪ್ ಮೊದಲೇ ಇತ್ತು. ಪವರ್, ಎಸ್‌ಎಫ್ ಏನೂ ಮುಟ್ಟಿಲ್ಲ.

20 ಡಿಬಿಎಂನಲ್ಲಿ ಈಗ ಆರ್‌ಎಸ್‌ಎಸ್‌ಐ -107, ಎಸ್‌ಎನ್‌ಆರ್ 9. ಒಂದು ಸಂದೇಶವೂ ತಪ್ಪಿಲ್ಲ. ಅದೇ ಮಾಡ್ಯೂಲ್ ಮಾರಾಯ್ರೆ!

ಈಗ ಪವರ್ ಎಷ್ಟಕ್ಕೆ ಇಡಲಿ? ಹೀಗೇ 20ರಲ್ಲಿ ಬಿಟ್ಟುಬಿಡಲಾ?

ಸುಮಾ_ಆರ್‌ಎಫ್

17 ಡಿಬಿ ಪುಕ್ಕಟೆ ಸಿಕ್ಕಿತು ನೋಡಿ. 1 ವ್ಯಾಟಿನ ಮಾಡ್ಯೂಲ್ ಕೊಡುತ್ತಿದ್ದುದು 10.

ಎಷ್ಟಕ್ಕೆ ಇಡಬೇಕು ಅಂತ ಊಹೆ ಮಾಡಬೇಡಿ, ಪವರ್ ಸೆಟ್ಟಿಂಗನ್ನೇ ಅಳತೆಗೋಲು ಮಾಡಿಕೊಳ್ಳಿ. 20ರಿಂದ 17, 14, 11, 8 ಹೀಗೆ ಇಳಿಸುತ್ತ ಹೋಗಿ. ಪ್ರತಿ ಮೆಟ್ಟಿಲಲ್ಲಿ ಒಂದು 50 ಸಂದೇಶ ಬರಲಿ. ಪರೀಕ್ಷೆಗೆ ಅಂತ 10 ಸೆಕೆಂಡಿಗೊಂದು ಕಳಿಸಿದರೆ ಬೇಗ ಮುಗಿಯುತ್ತದೆ. ಎಲ್ಲಿ ತಪ್ಪಲು ಶುರುವಾಗುತ್ತದೋ ಅಲ್ಲಿಂದ ನೀವು ಇಡುವ ಪವರಿನ ತನಕ ಇರುವ ಅಂತರವೇ ನಿಮ್ಮ ಮಳೆಗಾಲದ ಉಳಿತಾಯ. ತೋಟದೊಳಗಿನ ದಾರಿಗೆ 10 ಡಿಬಿಗಿಂತ ಕಮ್ಮಿ ಉಳಿತಾಯ ಇಟ್ಟುಕೊಂಡರೆ ನನಗೆ ನಿದ್ದೆ ಬರಲ್ಲ.

ಅಡಿಕೆತೋಟ_ಶಿರಸಿ

ಮಾಡಿದೆ. 14ರಲ್ಲಿ ಎಸ್‌ಎನ್‌ಆರ್ 4. 11ರಲ್ಲಿ 1. 8ರಲ್ಲಿ -2, ಎಲ್ಲ ಬಂತು. 5ರಲ್ಲಿ -5, ಒಂದೆರಡು ತಪ್ಪಿದವು. 2ರಲ್ಲಿ -8, ಅರ್ಧಕ್ಕರ್ಧ ಹೋಯಿತು.

ಅಂದರೆ 5 ನನ್ನ ಅಂಚು. 17 ಇಟ್ಟರೆ 12 ಡಿಬಿ ಉಳಿತಾಯ, 14 ಇಟ್ಟರೆ 9.

ಸುಮಾ_ಆರ್‌ಎಫ್

17 ಇಡಿ. ಮಾಮೂಲಿ ಮೋಡಿನಲ್ಲೇ ಇರುತ್ತೀರಿ, 20 ಜೇಬಿನಲ್ಲಿ ಉಳಿಯುತ್ತದೆ. ಆಷಾಢದಲ್ಲಿ ಮತ್ತೆ ತಪ್ಪಲು ಶುರುವಾದರೆ ಪವರ್ ಏರಿಸುವ ಮೊದಲು ಎಸ್‌ಎಫ್9 ಮಾಡಿ. 5 ಡಿಬಿ ಸಿಗುತ್ತದೆ, ಸಂದೇಶ 185 ಮಿಲಿಸೆಕೆಂಡ್ ಆಗುತ್ತದೆ, 10 ನಿಮಿಷಕ್ಕೊಮ್ಮೆ ಕಳಿಸುವವರಿಗೆ ಅದು ಭಾರವಲ್ಲ. ಎರಡೂ ಕಡೆ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಒಂದೂ ಕೇಳಿಸಲ್ಲ.

ಮೈಸೂರು_ಮಂಜು

ಎರಡನೇ ಪದ ಅಳಿಸಿದೆ. ಗೇಟು ದಾಟಿ ಮುಂದಿನ ಬಸ್‌ಸ್ಟಾಪ್ ತನಕ ಬಂತು. ಥ್ಯಾಂಕ್ಸ್ ಮೇಡಂ.

ಅಡಿಕೆತೋಟ_ಶಿರಸಿ

ಕೊನೆಯದಾಗಿ ಒಂದು. ಮುಂದೆ ಮನೆಯಿಂದಲೇ ಪಂಪ್ ಆನ್, ಆಫ್ ಮಾಡಬೇಕು ಅಂತಿದೆ. ಆಗ ಮನೆ ಕಡೆಯ ಪವರ್ ಎಷ್ಟಿರಬೇಕು? ಅಲ್ಲಿ ಕರೆಂಟಿಗೆ ಬರವಿಲ್ಲ.

ಹಳೇ_ಹ್ಯಾಮ್

ಮನೆ ಕಡೆ 20 ಇಟ್ಟುಕೋ, ಅಡ್ಡಿಯಿಲ್ಲ. ಆದರೆ ಆಫ್ ಆಯಿತು ಅಂತ ಪಂಪ್‌ಹೌಸ್ ತಿರುಗಿ ಹೇಳುವುದು ಅದರ ಸ್ವಂತ ಪವರಿನಲ್ಲೇ. ನೀನು ಎಷ್ಟು ಜೋರಾಗಿ ಹೇಳಿದರೂ ಅದರ ಉತ್ತರ ಜೋರಾಗಲ್ಲ. ಹಾಗಾಗಿ ಲೆಕ್ಕ ಆ ಕಡೆಯದ್ದೇ ಹಿಡಿ. ಇನ್ನೊಂದು, ಪಂಪ್‌ಹೌಸಿನ ರೇಡಿಯೊ ಸದಾ ಕಿವಿ ತೆರೆದಿರಬೇಕಾಗುತ್ತದೆ. ಕೇಳುವುದಕ್ಕೇ 10 ಮಿಲಿಆಂಪಿನಷ್ಟು ಬೇಕು. ಆ 18650 ಸಾಲದು. ಹೇಗೂ ಪಂಪಿಗೆ ಲೈನ್ ಇದೆಯಲ್ಲ, ಅದರಿಂದ ಸೆಲ್ ಚಾರ್ಜ್ ಆಗುವ ಹಾಗೆ ಮಾಡು.

ಮತ್ತೆ ಆಫ್ ಸಂದೇಶವನ್ನು ನಂಬಿ ಕೂರಬೇಡ. ಆನ್ ಸಂದೇಶದ ಜೊತೆಗೇ ಎಷ್ಟು ನಿಮಿಷ ಓಡಬೇಕು ಅಂತ ಕಳಿಸು. ಆ ಹೊತ್ತು ಮುಗಿದ ಕೂಡಲೇ ಪಂಪ್‌ಹೌಸಿನ ಬೋರ್ಡೇ ಆಫ್ ಮಾಡಲಿ. ಮರ ಬಿದ್ದು ಕಂಬ ಮುರಿದರೂ ಮೋಟರ್ ಸುಡಬಾರದು.

ಅಡಿಕೆತೋಟ_ಶಿರಸಿ

ಸರಿ ಸರ್. ಟೈಮರ್ ಮೊದಲು ಬರೆಯುತ್ತೇನೆ. ಸ್ಟಾರ್ಟರ್ ವೈರಿಂಗ್ ಬಗ್ಗೆ ಬೇರೆ ಚರ್ಚೆ ತೆರೆದು ಅಲ್ಲಿ ಕೇಳುತ್ತೇನೆ.